ಬರೆದವನೂ ಚಿತ್ರಿಸಿದವನೂ: ವಾಸಿತಿನ ಯಹ್ಯಾ

ಅರಬ್ಬರ ಮತದಲ್ಲಿ ಪ್ರತಿಮೆಗೆ ಎಡೆಯಿಲ್ಲವಾದುದರಿಂದ ಅವರಲ್ಲಿ ಚಿತ್ರಕಲೆಯೇ ಬೆಳೆಯಲಿಲ್ಲವೆಂಬ ಮಾತು ನಮ್ಮ ಕಡೆಯ ವಿದ್ಯಾವಂತರಲ್ಲಿಯೂ ಕೇಳಿಬರುವುದುಂಟು. ಮಸೀದಿಯ ಗೋಡೆಗೂ ಕುರಾನಿನ ಪತ್ರಗಳಿಗೂ ಈ ಮಾತು ಒಪ್ಪುತ್ತದೆ. ಕಥೆ, ವೈದ್ಯ, ಖಗೋಳ, ಯಂತ್ರವಿದ್ಯೆ ಮೊದಲಾದ ಲೌಕಿಕ ಗ್ರಂಥಗಳ ವಿಷಯದಲ್ಲಿ ಒಪ್ಪುವುದಿಲ್ಲ. ಹಿಜರಿ ೬೩೪ನೆಯ ವರ್ಷದ ರಂಜಾನ್ ಮಾಸದಲ್ಲಿ, ಅಂದರೆ ಕ್ರಿ. ಶ. ೧೨೩೭ರ ಮೇ ತಿಂಗಳಿನಲ್ಲಿ, ಯಹ್ಯಾ ಇಬ್ನ್ ಮಹಮೂದ್ ಅಲ್ ವಾಸಿತೀ ಎಂಬಾತನು ಮುಗಿಸಿದ ಹಸ್ತಪ್ರತಿಯೊಂದರಲ್ಲಿ ೯೯ ಚಿತ್ರಗಳಿವೆ. ಇದಕ್ಕಿಂತ ಬೇರೆ ಸಾಕ್ಷ್ಯವೇಕೆ?

ಅರಬ್ಬೀ ಗ್ರಂಥಚಿತ್ರಗಳ ಚರಿತ್ರೆಯಲ್ಲಿ ನಮ್ಮ ದೇಶದ ಪಾಲೂ ಉಂಟು. ನಮ್ಮ ಪಂಚತಂತ್ರವು ಆರನೆಯ ಶತಮಾನದಲ್ಲಿ ಪಾರಸೀಕರ ಪಹ್ಲವೀ ಭಾಷೆಗೂ, ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನ ಕೈಯಿಂದ ಅರಬ್ಬೀ ಭಾಷೆಗೂ ಹೋಯಿತು. ನಮ್ಮ ಕರಟಕ ದಮನಕರೇ ಅಲ್ಲಿ ಕಲೀಲ ದಿಮ್ನರಾದರು. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾದ ದುರ್ಗಸಿಂಹನು ವಸುಭಾಗನ ಪಾಠವನ್ನು ಹಿಡಿದು ಕನ್ನಡದಲ್ಲಿ ಪಂಚತಂತ್ರವನ್ನು ಬರೆದುದು ಹನ್ನೊಂದನೆಯ ಶತಮಾನದಲ್ಲಿ. ಹಾಗಾಗಿ ಕನ್ನಡಕ್ಕಿಂತ ಮೊದಲೇ ಆ ಕಥೆ ಬಾಗ್ದಾದನ್ನು ಸೇರಿತ್ತು. ಇಬ್ನ್ ಅಲ್ ಮುಕಫ್ಫನು ತನ್ನ ಪೀಠಿಕೆಯಲ್ಲಿ ಗ್ರಂಥದ ಉದ್ದೇಶಗಳನ್ನು ಹೇಳುವಾಗ, ಬಣ್ಣಬಣ್ಣದ ಮೃಗಚಿತ್ರಗಳಿಂದ ಅರಸರ ಮನಸ್ಸು ರಂಜಿಸಲೆಂದೂ, ಪ್ರತಿಗಳು ಹೆಚ್ಚಿ ಲಿಪಿಕಾರನಿಗೂ ಚಿತ್ರಕಾರನಿಗೂ ಸದಾ ಜೀವನ ನಡೆಯಲೆಂದೂ ಹೇಳಿರುವನು. ಕುಂಚ ಹಿಡಿದವನ ಹೊಟ್ಟೆಯನ್ನು ನೆನೆದ ಪೀಠಿಕಾಕಾರರು ವಿರಳ.

ವಾಸಿತೀಯು ಕೈಗೆತ್ತಿಕೊಂಡ ಕೃತಿ ಬೇರೆಯದು. ಬಸ್ರಾ ಪಟ್ಟಣದ ಅಲ್ ಹರೀರೀ (೧೦೫೪–೧೧೨೨) ರಚಿಸಿದ ‘ಮಕಾಮಾತ್’ ಎಂಬುದರಲ್ಲಿ ೫೦ ಆಖ್ಯಾನಗಳಿವೆ. ಸರೂಜಿನ ಅಬೂ ಜೈದನೆಂಬ ಧೂರ್ತ ವಾಗ್ಮಿಯು ಒಂದೂರಿನಲ್ಲಿ ಬೈರಾಗಿಯಾಗಿಯೂ ಮತ್ತೊಂದೂರಿನಲ್ಲಿ ಉಪದೇಶಕನಾಗಿಯೂ ವೇಷ ತೊಟ್ಟು, ಮಾತಿನ ಬಲದಿಂದ ಜನರ ಹಣವನ್ನು ಕೀಳುವನು. ಅಲ್ ಹಾರಿಥನೆಂಬ ಪಯಣಿಗನು ಅವನ ಗುರುತು ಹಿಡಿದು ಕಥೆಯನ್ನು ಹೇಳುವನು. ಕಥಾಭಾಗ ಇಷ್ಟೇ. ಕೃತಿಯ ಕೀರ್ತಿಯೆಲ್ಲ ಶಬ್ದಚಮತ್ಕಾರದಿಂದ ಬಂದುದು. ಪ್ರಾಸಬದ್ಧವಾದ ಗದ್ಯ, ನಡುನಡುವೆ ಪದ್ಯ. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ವಾಕ್ಯಗಳು. ಚುಕ್ಕೆಯುಳ್ಳ ಅಕ್ಷರಗಳ ಪದವೊಂದು, ಚುಕ್ಕೆಯಿಲ್ಲದ ಪದವೊಂದು ಎಂಬ ಸರದಿಯಲ್ಲಿ ಹೆಣೆದ ಪತ್ರ. ಕಿರಾತಾರ್ಜುನೀಯದ ಹದಿನೈದನೆಯ ಸರ್ಗವನ್ನೂ ಶಿಶುಪಾಲವಧದ ಹತ್ತೊಂಬತ್ತನೆಯ ಸರ್ಗವನ್ನೂ ಗುರುಮುಖದಿಂದ ಓದಿ ಬೆವತವರಿಗೆ ಇದರ ರುಚಿಯೂ ಆಯಾಸವೂ ಸುಲಭವಾಗಿ ತಿಳಿಯುವುವು.

ಇಂತಹ ಕೃತಿಗೆ ಚಿತ್ರ ಬರೆಯುವುದೆಂತು? ಪ್ರಾಸವನ್ನು ಬಣ್ಣದಲ್ಲಿ ತೋರಿಸಲಾಗದು, ಶ್ಲೇಷೆಗೆ ರೂಪವಿಲ್ಲ. ವಾಸಿತೀಯ ಪ್ರತಿಭೆ ಬೆಳಗಿದುದು ಇಲ್ಲಿಯೇ. ಕವಿಯು ಅರ್ಧ ವಾಕ್ಯದಲ್ಲಿ ದಾಟಿಹೋದ ಲೋಕವನ್ನೆಲ್ಲ ಆತನು ಕಣ್ಣಾರೆ ಕಂಡವನಂತೆ ಪತ್ರದಲ್ಲಿ ತುಂಬಿರುವನು. ನಲವತ್ತಮೂರನೆಯ ಆಖ್ಯಾನದಲ್ಲಿ ಒಂಟೆಯೇರಿದ ಇಬ್ಬರು ಹಳ್ಳಿಯೊಂದರ ಬಳಿ ನಿಂತು ಊರವನೊಬ್ಬನೊಡನೆ ಮಾತನಾಡುವರು. ಕವಿಗೆ ಬೇಕಾದುದು ಆ ಮಾತು ಮಾತ್ರ. ಚಿತ್ರದಲ್ಲಾದರೋ ಮಸೀದಿ, ಕದಗಳ ಬಳಿಯ ಜನ, ಕದಿರು ಹಿಡಿದು ನೂಲುವ ಹೆಂಗಸು, ಕೊಳದ ಅಂಚಿನ ದನ, ಆಡು, ಕೋಳಿ ಎಲ್ಲವೂ ಇವೆ. ಪುಸ್ತಕಗಳನ್ನು ಗೂಡುಗಳಲ್ಲಿ ಅಡ್ಡಲಾಗಿ ಪೇರಿಸಿಟ್ಟ ಗ್ರಂಥಾಲಯ, ಗುಲಾಮರನ್ನು ಮಾರುವ ಸಂತೆ, ಕತ್ತುಗಳೆಲ್ಲ ಒಂದೊಂದು ಕಡೆಗೆ ಬಾಗಿದ ಒಂಟೆಗಳ ಹಿಂಡು ಇವೆಲ್ಲವೂ ಇದೇ ಬಗೆಯವು. ಹದಿಮೂರನೆಯ ಶತಮಾನದ ಇರಾಕಿನ ಜನರು ಹೇಗೆ ಉಟ್ಟು ಹೇಗೆ ಬಾಳಿದರೆಂದು ತಿಳಿಯಬಯಸುವವರಿಗೆ ಹರೀರೀಯ ವಾಕ್ಯಗಳಿಗಿಂತ ವಾಸಿತೀಯ ಗೆರೆಗಳೇ ಹೆಚ್ಚು ಉಪಯುಕ್ತವೆಂದರೆ ಪಂಡಿತರು ಮುನಿಯಬಾರದು.

ಮೂವತ್ತೊಂಬತ್ತನೆಯ ಆಖ್ಯಾನವಂತೂ ನಮ್ಮವರಿಗೆ ವಿಶೇಷವಾದುದು. ಅಬೂ ಜೈದನು ಏರಿದ ಹಡಗು ಬಿರುಗಾಳಿಗೆ ಸಿಕ್ಕಿ ದ್ವೀಪವೊಂದನ್ನು ಸೇರುತ್ತದೆ. ಅಲ್ಲಿಯ ಒಡೆಯನ ಪತ್ನಿಗೆ ಪ್ರಸವವೇದನೆ, ಕೂಸು ಹೊರಬಾರದು. ಅಬೂ ಜೈದನು ಪನ್ನೀರಿನಲ್ಲಿ ಕೇಸರಿ ಕಲಸಿ ಮಂತ್ರವೊಂದನ್ನು ಬರೆದು ಕಟ್ಟಿಸುವನು. ಬರೆದುದಾದರೂ ಏನು? ಹೊರಗಿನ ಲೋಕದಲ್ಲಿ ದುಃಖವೇ ಹೆಚ್ಚು, ಬೆಚ್ಚಗೆ ಇರುವಲ್ಲಿಯೇ ಇರು ಎಂದು ಗರ್ಭಸ್ಥ ಶಿಶುವಿಗೆ ಹೇಳಿದ ಬುದ್ಧಿವಾದದ ಪದ್ಯ! ಶಿಶುವು ಆ ಬುದ್ಧಿವಾದವನ್ನು ಕಿವಿಗೆ ಹಾಕಿಕೊಳ್ಳದೆ ಹುಟ್ಟಿಬಿಡುತ್ತದೆ, ಧೂರ್ತನಿಗೆ ಸನ್ಮಾನವಾಗುತ್ತದೆ. ವಾಸಿತೀಯು ಹಡಗನ್ನು ಬರೆಯುವಾಗ ಅದರ ಒಡಲಿನ ಕಿಂಡಿಗಳಿಂದ ಇಣುಕುವ ಪಯಣಿಗರನ್ನೂ, ದುಡಿಯುವ ಕಪ್ಪು ಮೈಯ ನಾವಿಕರನ್ನೂ ತೋರಿಸಿರುವನು. ಪ್ರಸವದ ಮನೆಯಲ್ಲಿ ಕೆಳಗೆ ಸೂಲಗಿತ್ತಿ, ಮೇಲೆ ಚಿಂತಾಕ್ರಾಂತನಾದ ಒಡೆಯ, ಪಕ್ಕದಲ್ಲಿ ಜನ್ಮಕಾಲವನ್ನು ನೋಡಲು ಯಂತ್ರ ಹಿಡಿದು ಕುಳಿತವನು. ಒಡೆಯನ ಮತ್ತು ಪರಿಜನರ ಚಹರೆಯು ಹಿಂದೂದೇಶದವರದೆಂದು ಈ ಚಿತ್ರಗಳನ್ನು ಪರಿಶೀಲಿಸಿದ ವಿದ್ವಾಂಸರು ಗುರುತಿಸಿದ್ದಾರೆ. ಸಮುದ್ರವ್ಯಾಪಾರದ ಆ ಕಾಲದಲ್ಲಿ ಇರಾಕಿನ ಚಿತ್ರಕಾರನಿಗೆ ನಮ್ಮವರ ಮುಖಪರಿಚಯವಿದ್ದುದರಲ್ಲಿ ಆಶ್ಚರ್ಯವಿಲ್ಲ.

ಸಾಮಾನ್ಯವಾಗಿ ಲಿಪಿಕಾರನು ಅಕ್ಷರ ಬರೆದು, ಖಾಲಿ ಬಿಟ್ಟ ಚೌಕದಲ್ಲಿ ಚಿತ್ರಕಾರನು ಬಣ್ಣ ತುಂಬುವುದು ಪದ್ಧತಿ. ವಾಸಿತೀಯು ಎರಡೂ ಕೆಲಸಗಳನ್ನು ತಾನೇ ಮಾಡಿದನು. ವಾಕ್ಯವನ್ನು ಎಲ್ಲಿ ನಿಲ್ಲಿಸಬೇಕು, ಚಿತ್ರಕ್ಕೆ ಎಷ್ಟು ಎಡೆ ಬಿಡಬೇಕೆಂಬುದು ಅವನ ಇಷ್ಟ. ಆದುದರಿಂದಲೇ ಅವನ ಚಿತ್ರಗಳು ಚೌಕಟ್ಟಿಲ್ಲದೆ ಅಕ್ಷರಗಳ ನಡುವೆ ಹರಡಿವೆ. ಕೆಲವು ಎದುರುಬದುರು ಪತ್ರಗಳೆರಡನ್ನೂ ಆಕ್ರಮಿಸಿವೆ. ಗ್ರಂಥಾಂತ್ಯದಲ್ಲಿ ತನ್ನ ಹೆಸರನ್ನೂ ತಂದೆತಾತಂದಿರ ಹೆಸರನ್ನೂ ಹೇಳಿ, ಬರೆದವನೂ ಚಿತ್ರಿಸಿದವನೂ ತಾನೇ ಎಂದು ಸ್ಪಷ್ಟವಾಗಿ ನಮೂದಿಸಿರುವನು. ಅವನ ಜೀವನದ ವಿಷಯದಲ್ಲಿ ಆ ಕೆಲವು ಪಂಕ್ತಿಗಳೇ ಆಧಾರ.

ಅದೇ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಯ ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬ ರೂವಾರಿಯು ಕೇಶವದೇವಾಲಯದ ಹಲವು ವಿಗ್ರಹಗಳ ಕೆಳಗೆ ತನ್ನ ಹೆಸರನ್ನು ಕೆತ್ತಿದನು. ಆತನೂ ತನ್ನ ಹೆಸರಿನ ಕೆತ್ತನೆಗಳಿಂದಲೇ ನಮಗೆ ಪರಿಚಿತ. ಸೋಮನಾಥ ದಂಡನಾಯಕನು ಆ ದೇವಾಲಯವನ್ನು ಕಟ್ಟಿಸಿದುದು ೧೨೫೮ರಲ್ಲಿ. ಆ ವರ್ಷವೇ ಮಂಗೋಲರು ಬಾಗ್ದಾದನ್ನು ಸೂರೆಗೈದು ಖಲೀಫನನ್ನು ಕೊಂದರು. ಅಲ್ಲಿಯ ಗ್ರಂಥಭಂಡಾರಗಳು ಹಾಳಾದುವು. ವಾಸಿತೀಯ ಪುಸ್ತಕಕ್ಕೆ ಆಗ ಇಪ್ಪತ್ತೊಂದು ವರ್ಷ. ಅದು ಹೇಗೋ ಉಳಿಯಿತು. ಬಹುಕಾಲದ ಮೇಲೆ ಷಾರ್ಲ್ ಷೆಫೆರ್ ಎಂಬ ಫ್ರೆಂಚ್ ವಿದ್ವಾಂಸನ ಸಂಗ್ರಹಕ್ಕೆ ಬಂದು, ಅವನು ತೀರಿಕೊಂಡ ಬಳಿಕ ೧೮೯೯ರಲ್ಲಿ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿತು. ಅಲ್ಲಿಯ ಅರಬ್ಬೀ ಹಸ್ತಪ್ರತಿಗಳಲ್ಲಿ ಅದರ ಸಂಖ್ಯೆ ೫೮೪೭. ಈಗ ಅದರ ಪತ್ರಗಳೆಲ್ಲವನ್ನೂ ಆ ಗ್ರಂಥಾಲಯವು ಛಾಯಾಪ್ರತಿಗಳಾಗಿ ಸಾರ್ವಜನಿಕರಿಗೆ ತೆರೆದಿಟ್ಟಿರುವುದರಿಂದ, ನೂಲುವ ಆ ಹೆಂಗಸನ್ನೂ ಕೊಳದ ಬಳಿಯ ಆಡನ್ನೂ ಹುಣಸೂರಿನಲ್ಲಿ ಕುಳಿತವರೂ ನೋಡಬಹುದಾಗಿದೆ.