ಮೋಹನನ ಗೆಳೆಯ ಚಾರ್ಲಿ

ದೆಹಲಿಯಲ್ಲಿರುವ ನಮ್ಮಂಥ ಕನ್ನಡಿಗರಿಗೆ ಆಂಡ್ರ್ಯೂಸ್ ಗಂಜ್ ಎಂದರೆ ಸರ್ಕಾರಿ ಕ್ವಾರ್ಟರ್ಸು, ಒಂದು ಬಸ್ ಸ್ಟಾಪು, ರಿಂಗ್ ರೋಡಿನಲ್ಲಿ ಮುಗಿಯದ ಟ್ರಾಫಿಕ್ಕು. ಈ ಆಂಡ್ರ್ಯೂಸ್ ಯಾರು ಎಂದು ಕೇಳಿದರೆ ಹೆಚ್ಚಿನವರು ಯಾವನೋ ಬ್ರಿಟಿಷ್ ಅಧಿಕಾರಿ ಇರಬೇಕು ಎನ್ನುತ್ತಾರೆ. ಬ್ರಿಟಿಷರು ಹೌದು, ಅಧಿಕಾರಿ ಅಲ್ಲ. 1982ರ 'ಗಾಂಧಿ' ಸಿನಿಮಾ ನೋಡಿದವರಿಗೆ ರೈಲಿನ ಚಾವಣಿ ಹತ್ತಿ ಕೂರುವ ಬಿಳಿಯ ಪಾದ್ರಿಯೊಬ್ಬರ ನೆನಪಿರಬಹುದು. ಅವರೇ ಚಾರ್ಲ್ಸ್ ಫ್ರೀಯರ್ ಆಂಡ್ರ್ಯೂಸ್. ಗಾಂಧೀಜಿಯವರನ್ನು 'ಮೋಹನ್' ಎಂದು ಕರೆಯುತ್ತಿದ್ದ ಬೆರಳೆಣಿಕೆಯ ಜನರಲ್ಲಿ ಒಬ್ಬರು. ಗಾಂಧೀಜಿಗೆ ಅವರು 'ಚಾರ್ಲಿ'.

ನಾನು ಇತಿಹಾಸ ಓದಿದವನಲ್ಲ. ಎಂಟೆಕ್ ಮಾಡಿ, ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುತ್ತ ನೋಯ್ಡಾದಲ್ಲಿ ಇರುವವನು. ಹುಟ್ಟಿ ಬೆಳೆದದ್ದು ಧಾರವಾಡದ ಕ್ರೈಸ್ತ ಮನೆತನದಲ್ಲಿ. ಆಂಡ್ರ್ಯೂಸ್ ಅವರ ಬದುಕಿನ ಬೆನ್ನು ಹತ್ತಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಊಟದ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದ್ದರು, "ನಿಮ್ಮವರ ಸ್ನೇಹದ ಹಿಂದೆ ಯಾವಾಗಲೂ ಏನೋ ಒಂದು ಉದ್ದೇಶ ಇರುತ್ತದಲ್ಲವೇ?" ಅವರು ಕೆಟ್ಟ ಮನಸ್ಸಿನಿಂದ ಕೇಳಿರಲಿಲ್ಲ. ಶಾಲೆ, ಆಸ್ಪತ್ರೆ, ಸ್ನೇಹ ಎಲ್ಲವೂ ಕೊನೆಗೆ ಚರ್ಚಿನ ಬಾಗಿಲಿಗೇ ಕರೆದೊಯ್ಯುವ ದಾರಿಗಳು ಎಂಬ ಅನುಮಾನ ಈ ದೇಶದಲ್ಲಿ ಹಳೆಯದು. ಅದಕ್ಕೆ ಕಾರಣಗಳೂ ಇವೆ. ವಾದ ಮಾಡಿ ಅದನ್ನು ಕಳೆಯಲು ಆಗುವುದಿಲ್ಲ. ಬದುಕಿ ತೋರಿಸಿದವರು ಇದ್ದಾರೆಯೇ ಎಂದು ನೋಡಬೇಕಷ್ಟೆ.

ಈ ಅನುಮಾನವನ್ನು ಮೊದಲು ಎತ್ತಿದವರು ಹೊರಗಿನವರೇನೂ ಅಲ್ಲ. 1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿಗಳ ದೊಡ್ಡ ಸಮ್ಮೇಳನ ನಡೆಯಿತು. ಅಲ್ಲಿ ಮಾತಾಡಿದ ಭಾರತೀಯರಲ್ಲಿ ಒಬ್ಬರು ತಮಿಳು ನಾಡಿನ ವಿ. ಎಸ್. ಅಜರಯ್ಯ. ನೀವು ನಮಗಾಗಿ ಆಸ್ತಿ ಕೊಟ್ಟಿರಿ, ಪ್ರಾಣವನ್ನೂ ಕೊಟ್ಟಿರಿ, ಆದರೆ ನಮಗೆ ಬೇಕಾಗಿರುವುದು ಸ್ನೇಹಿತರು ಎಂಬ ಅರ್ಥದ ಮಾತನ್ನು ಅವರು ಆ ಸಭೆಯ ಮುಂದೆ ಇಟ್ಟರು. ಸಭೆಯಲ್ಲಿದ್ದ ಅನೇಕರಿಗೆ ಅದು ಚುಚ್ಚಿತು. ಎರಡು ವರ್ಷಗಳ ನಂತರ ಇದೇ ಅಜರಯ್ಯ ಹೈದರಾಬಾದ್ ಸಂಸ್ಥಾನದ ದೋರ್ನಕಲ್‌ನಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು.

ಅಜರಯ್ಯನವರ ಮಾತಿನ ಬೇರು ಬೈಬಲಿನಲ್ಲೇ ಇದೆ. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆಯುತ್ತಾನೆ. 15ನೆಯ ಅಧ್ಯಾಯದಲ್ಲಿ ಇನ್ನು ಮುಂದೆ ನೀವು ನನ್ನ ಆಳುಗಳಲ್ಲ, ಸ್ನೇಹಿತರು ಎಂದು ಅವರಿಗೆ ಹೇಳುತ್ತಾನೆ. ಭಾನುವಾರದ ಶಾಲೆಯಲ್ಲಿ ಇವೆರಡನ್ನೂ ನಮಗೆ ಬೇರೆ ಬೇರೆ ಪಾಠಗಳಾಗಿ ಕಲಿಸಿದ್ದರು. ಬೇರೆ ಬೇರೆ ಅಲ್ಲ ಎಂದು ನನಗೆ ತಿಳಿದದ್ದು ಆಂಡ್ರ್ಯೂಸ್ ಅವರನ್ನು ಓದಿದ ಮೇಲೆ. ಮೇಲೆ ಕೂತವನು ಕೆಳಗಿಳಿಯದೆ ಸ್ನೇಹ ಸಾಧ್ಯವಿಲ್ಲ. ಮೇಲಿಂದ ಕೊಟ್ಟದ್ದು ದಾನವಾಗಬಹುದು, ಉಪಕಾರವಾಗಬಹುದು, ಗೆಳೆತನವಾಗದು.

ಆಂಡ್ರ್ಯೂಸ್ ಹುಟ್ಟಿದ್ದು 1871ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಕೇಂಬ್ರಿಜ್‌ನಲ್ಲಿ ಓದಿ, ಪಾದ್ರಿಯಾಗಿ, 1904ರಲ್ಲಿ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಆಗ ಕಾಲೇಜು ಕಾಶ್ಮೀರಿ ಗೇಟಿನಲ್ಲಿತ್ತು. ಆ ಹಳೆಯ ಕಟ್ಟಡ ಈಗಲೂ ಇದೆ, ಚುನಾವಣಾ ಕಚೇರಿಯಾಗಿದೆ. ಅಲ್ಲಿ ಅವರಿಗೆ ಸಿಕ್ಕವರು ಸುಶೀಲ್ ಕುಮಾರ್ ರುದ್ರ. ಬಂಗಾಳಿ ಕ್ರೈಸ್ತರು, ಆಂಡ್ರ್ಯೂಸ್‌ಗಿಂತ ಹತ್ತು ವರ್ಷ ಹಿರಿಯರು, 1886ರಿಂದಲೂ ಅದೇ ಕಾಲೇಜಿನಲ್ಲಿ ದುಡಿದವರು. ಹೊಸದಾಗಿ ಬಂದ ಇಂಗ್ಲಿಷರು ಸಾಮಾನ್ಯವಾಗಿ ಭಾರತವನ್ನು ಕಲಿಯುತ್ತಿದ್ದದ್ದು ಕ್ಲಬ್ಬಿನಲ್ಲಿ, ತಮ್ಮ ಜನರಿಂದ. ಆಂಡ್ರ್ಯೂಸ್ ಕಲಿತದ್ದು ರುದ್ರರ ಮನೆಯಲ್ಲಿ. ಈ ದೇಶ ತನಗೆ ಪರದೇಶ ಅನಿಸದೆ ಹೋದದ್ದು ಈ ಒಬ್ಬ ಗೆಳೆಯನಿಂದ ಎಂದು ಅವರು ಮುಂದೆ ಬರೆದುಕೊಂಡರು.

1906ರಲ್ಲಿ ಪ್ರಾಂಶುಪಾಲರ ಹುದ್ದೆ ಖಾಲಿಯಾಯಿತು. ಅನುಭವದಿಂದ, ಹಿರಿತನದಿಂದ ಅದು ರುದ್ರರಿಗೆ ಸಲ್ಲಬೇಕಾಗಿತ್ತು. ಆದರೆ ಮಿಷನ್ ಕಾಲೇಜಿಗೆ ಭಾರತೀಯ ಮುಖ್ಯಸ್ಥನೇ, ಅವನ ಕೈಕೆಳಗೆ ಇಂಗ್ಲಿಷ್ ಅಧ್ಯಾಪಕರು ಕೆಲಸ ಮಾಡುವುದೇ ಎಂಬ ಹಿಂಜರಿಕೆ ಮೇಲಿನವರಿಗಿತ್ತು. ಆಂಡ್ರ್ಯೂಸ್ ಹೆಸರು ಮುಂದೆ ಬಂತು. ಅವರು ಒಪ್ಪಲಿಲ್ಲ. ಬಣ್ಣದ ಕಾರಣಕ್ಕೆ ರುದ್ರರನ್ನು ಬದಿಗೆ ಸರಿಸುವುದಾದರೆ ತಾನು ರಾಜೀನಾಮೆ ಕೊಡುತ್ತೇನೆ ಎಂದರು. ರುದ್ರ ಸೇಂಟ್ ಸ್ಟೀಫನ್ಸ್‌ನ ಮೊದಲ ಭಾರತೀಯ ಪ್ರಾಂಶುಪಾಲರಾದರು, 1923ರವರೆಗೆ ಆ ಕುರ್ಚಿಯಲ್ಲಿದ್ದರು. ಆಂಡ್ರ್ಯೂಸ್ ಅವರ ಕೈಕೆಳಗೆ ಪಾಠ ಹೇಳಿದರು. ಅಜರಯ್ಯ ಎಡಿನ್‌ಬರೋದಲ್ಲಿ ಸ್ನೇಹಿತರನ್ನು ಬೇಡುವ ನಾಲ್ಕು ವರ್ಷ ಮೊದಲೇ ಕಾಶ್ಮೀರಿ ಗೇಟಿನಲ್ಲಿ ಒಬ್ಬ ಸ್ನೇಹಿತ ಇದ್ದ.

ಪ್ರಮೋಷನ್ನಿನ ಪಟ್ಟಿಯಲ್ಲಿ ನನ್ನ ಹೆಸರಿದ್ದು ಅರ್ಹನಾದ ಗೆಳೆಯನ ಹೆಸರಿಲ್ಲದಿದ್ದಾಗ ನಾವು ಏನು ಮಾಡುತ್ತೇವೆ? ಗೆಳೆಯನಿಗೆ ಸಮಾಧಾನ ಹೇಳುತ್ತೇವೆ, ಚಹಾ ಕುಡಿಸುತ್ತೇವೆ. ಎಚ್‌ಆರ್‌ಗೆ ಹೋಗಿ ಇದು ತಪ್ಪು, ನನಗೆ ಬೇಡ ಎಂದವರನ್ನು ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಕಂಡಿಲ್ಲ.

ಗಾಂಧೀಜಿಯ ಪರಿಚಯ ಆದದ್ದು ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿನ ಭಾರತೀಯರ ಹೋರಾಟ ಬಿಗಡಾಯಿಸಿದಾಗ ಗೋಖಲೆಯವರ ಕೋರಿಕೆಯಂತೆ ಆಂಡ್ರ್ಯೂಸ್ ತಮ್ಮ ಗೆಳೆಯ ಪಿಯರ್ಸನ್ ಜೊತೆ ಹಡಗು ಹತ್ತಿದರು. 1914ರ ಜನವರಿಯ ಮೊದಲ ದಿನಗಳಲ್ಲಿ ಡರ್ಬನ್ ಬಂದರಿನಲ್ಲಿ ಇಳಿದಾಗ, ಇವರೇ ಗಾಂಧಿ ಎಂದು ಯಾರೋ ತೋರಿಸಿದರು. ಆಂಡ್ರ್ಯೂಸ್ ಬಾಗಿ ಅವರ ಕಾಲು ಮುಟ್ಟಿದರು. ಬಿಳಿಯನೊಬ್ಬ, ಅದೂ ಪಾದ್ರಿ, ಎಲ್ಲರೆದುರು ಏಷ್ಯದವನೊಬ್ಬನ ಕಾಲು ಮುಟ್ಟಿದ್ದು ಅಲ್ಲಿನ ಬಿಳಿಯರಿಗೆ ಸಹಿಸಲಾಗದ ಸಂಗತಿ. ಅದು ಭಾರತದ ರೂಢಿಯ ನಮಸ್ಕಾರ, ನಿಜ. ಆದರೆ ಯೋಹಾನನ 13ನೆಯ ಅಧ್ಯಾಯ ಓದಿದವನಿಗೆ ಅದರಲ್ಲಿ ಇನ್ನೊಂದೂ ಕಾಣುತ್ತದೆ.

ಆ ತಿಂಗಳು ಗಾಂಧೀಜಿ ಮತ್ತು ಜನರಲ್ ಸ್ಮಟ್ಸ್ ನಡುವೆ ಒಪ್ಪಂದ ಕುದುರಿಸಲು ಆಂಡ್ರ್ಯೂಸ್ ಓಡಾಡಿದರು. ಅದೇ ದಿನಗಳಲ್ಲಿ ಇಂಗ್ಲೆಂಡಿನಲ್ಲಿ ಅವರ ತಾಯಿ ತೀರಿಕೊಂಡರು. ಮುಂದೆ ಅವರು ದೆಹಲಿಯ ಕಾಲೇಜು ಬಿಟ್ಟು ರವೀಂದ್ರನಾಥರ ಶಾಂತಿನಿಕೇತನ ಸೇರಿದರು. ಸಭೆಯ ಕೆಲವು ಸಿದ್ಧಾಂತಗಳನ್ನು ಮನಸ್ಸಿಗೆ ವಿರುದ್ಧವಾಗಿ ಹೇಳಲಾರೆ ಎಂದು ಪಾದ್ರಿಯ ಕೆಲಸವನ್ನೂ ಬಿಟ್ಟರು. ತಮ್ಮವರ ನಡುವೆ ಅವರಿಗಿದ್ದ ಜಾಗ ಹೀಗೆ ಒಂದೊಂದಾಗಿ ಹೋಯಿತು. 1915ರಲ್ಲಿ ಫಿಜಿಗೆ ಹೋದರು. 1879ರಿಂದ ಸುಮಾರು 60,000 ಭಾರತೀಯರನ್ನು ಕರಾರಿನ ಕೂಲಿಗಳಾಗಿ ಸಾಗಿಸಿದ್ದ ದ್ವೀಪಗಳವು. ಅಲ್ಲಿನ ಕಬ್ಬಿನ ತೋಟಗಳ ಸ್ಥಿತಿ ಕಂಡು ಅವರೂ ಪಿಯರ್ಸನ್ನರೂ ಬರೆದ ವರದಿ ಈ ಪದ್ಧತಿಯನ್ನು ಕೊನೆಗಾಣಿಸಲು ದೊಡ್ಡ ನೆರವಾಯಿತು. 'ದೀನಬಂಧು' ಎಂಬ ಹೆಸರು ಅವರಿಗೆ ಅಂಟಿದ್ದು ಈ ಕೆಲಸದಿಂದ.

ಇಷ್ಟೇ ಆಗಿದ್ದರೆ ಆಂಡ್ರ್ಯೂಸ್ ಒಬ್ಬ ಒಳ್ಳೆಯ ಅನುಯಾಯಿ ಎನ್ನಬಹುದಿತ್ತು. ಗಾಂಧೀಜಿಗೆ ಅನುಯಾಯಿಗಳ ಕೊರತೆ ಇರಲಿಲ್ಲ. ನನಗೆ ಮುಖ್ಯ ಅನಿಸುವುದು ಅವರು 'ಇಲ್ಲ' ಎಂದ ಸಂದರ್ಭಗಳು.

1918ರಲ್ಲಿ ವೈಸರಾಯ್ ದೆಹಲಿಯಲ್ಲಿ ಯುದ್ಧ ಸಮ್ಮೇಳನ ಕರೆದರು. ಗಾಂಧೀಜಿ ಇಳಿದುಕೊಂಡದ್ದು ರುದ್ರರ ಮನೆಯಲ್ಲಿ. ಗುಪ್ತ ಒಪ್ಪಂದಗಳ ಸುದ್ದಿ ಇರುವಾಗ ಈ ಸಮ್ಮೇಳನಕ್ಕೆ ಹೋಗುವುದು ಸರಿಯೇ ಎಂದು ಆಂಡ್ರ್ಯೂಸ್ ಪ್ರಶ್ನಿಸಿದರು. ಇದನ್ನು ಗಾಂಧೀಜಿ ಆತ್ಮಕಥೆಯಲ್ಲೇ ಬರೆದಿದ್ದಾರೆ. ಆಮೇಲೆ ಗಾಂಧೀಜಿ ಖೇಡಾ ಜಿಲ್ಲೆಯ ಹಳ್ಳಿ ಹಳ್ಳಿ ಸುತ್ತಿ ಬ್ರಿಟಿಷ್ ಸೈನ್ಯಕ್ಕೆ ಜನರನ್ನು ಸೇರಿಸಲು ಹೊರಟಾಗ, ಅಹಿಂಸೆ ಹೇಳುವವರು ಸೈನಿಕರನ್ನು ಕೂಡಿಸುವುದೇ ಎಂದು ಆಂಡ್ರ್ಯೂಸ್ ಪತ್ರದ ಮೇಲೆ ಪತ್ರ ಬರೆದರು. ಗಾಂಧೀಜಿ ಉದ್ದುದ್ದ ಉತ್ತರ ಕೊಟ್ಟರು. ಇಬ್ಬರೂ ಒಪ್ಪಲಿಲ್ಲ.

1921ರಲ್ಲಿ ವಿದೇಶಿ ಬಟ್ಟೆಗಳನ್ನು ರಾಶಿ ಹಾಕಿ ಸುಡುವ ಚಳವಳಿ. ದೇಶವೇ ಆ ಬೆಂಕಿಯ ಸುತ್ತ ಕುಣಿಯುತ್ತಿದ್ದಾಗ ಆಂಡ್ರ್ಯೂಸ್ ಗಾಂಧೀಜಿಗೆ ಬರೆದರು. ಕುಡಿತ, ಅಸ್ಪೃಶ್ಯತೆಯಂಥ ಕೇಡುಗಳ ಮೇಲೆ ನೀವು ಏಟು ಹಾಕುವಾಗ ನನಗೆ ಸಂತೋಷವಾಗುತ್ತಿತ್ತು, ಆದರೆ ಯಾರದೋ ಕೈ ನೇಯ್ದ ಬಟ್ಟೆಗೆ ಬೆಂಕಿ ಇಡುವುದು ಹಿಂಸೆಯಂತೆ ಕಾಣುತ್ತದೆ, ನೀವು ಕೊಟ್ಟ ಖಾದಿ ಉಡಲು ಈಗ ಅಂಜಿಕೆಯಾಗುತ್ತದೆ ಎಂಬುದು ಅದರ ಸಾರ. ಗಾಂಧೀಜಿ ಆ ಪತ್ರವನ್ನು ಮುಚ್ಚಿಡಲಿಲ್ಲ. ತಮ್ಮದೇ 'ಯಂಗ್ ಇಂಡಿಯಾ'ದಲ್ಲಿ ಅಚ್ಚು ಹಾಕಿ, ಅದರ ಜೊತೆಗೇ ಉತ್ತರ ಕೊಟ್ಟರು. ಬೆಂಕಿ ನಿಲ್ಲಿಸಲಿಲ್ಲ, ಗೆಳೆತನವನ್ನೂ ಬಿಡಲಿಲ್ಲ.

ನನ್ನ ವೃತ್ತಿಯಲ್ಲಿ ಇದರ ಬೆಲೆ ದಿನವೂ ತಿಳಿಯುತ್ತದೆ. ವಾರದ ರಿವ್ಯೂ ಮೀಟಿಂಗಿನಲ್ಲಿ ಪ್ರತಿ ಸಾಲಿಗೂ ಹಸಿರು ಬಣ್ಣ ಬಳಿದು ತರುತ್ತಾರೆ. ರಿಲೀಸಿನ ಹಿಂದಿನ ರಾತ್ರಿ ಎಲ್ಲ ಕೆಂಪು. ಮೇಲೆ ಕೂತವರ ಸುತ್ತ ಹೌದಪ್ಪಗಳು ತಾವಾಗಿಯೇ ಬೆಳೆಯುತ್ತಾರೆ, ಅವರನ್ನು ಸಾಕಬೇಕಾಗಿಲ್ಲ. 'ಇಲ್ಲ' ಎನ್ನುವವನು ಬೇಕಾದರೆ ಅವನಿಗೆ ಪ್ರೀತಿಯೂ ಇರಬೇಕು, ಭಯವೂ ಇರಬಾರದು. ಬರೀ ಟೀಕಿಸುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ. 'ಇಲ್ಲ' ಎಂದು ಹೇಳಿ ಆಮೇಲೂ ಜೊತೆಗಿರುವವರು ಅಪರೂಪ.

ಆಂಡ್ರ್ಯೂಸ್ ಜೊತೆಗಿದ್ದರು. 1924ರ ಸೆಪ್ಟೆಂಬರಿನಲ್ಲಿ, ಕೋಹಾಟ್‌ನ ಗಲಭೆಯ ನಂತರ, ಹಿಂದೂ ಮುಸ್ಲಿಂ ಐಕ್ಯಕ್ಕಾಗಿ ಗಾಂಧೀಜಿ ದೆಹಲಿಯಲ್ಲಿ ಮೌಲಾನಾ ಮಹಮ್ಮದ್ ಅಲಿಯವರ ಮನೆಯಲ್ಲಿ 21 ದಿನಗಳ ಉಪವಾಸ ಆರಂಭಿಸಿದರು. ಆಂಡ್ರ್ಯೂಸ್ ಹಾಸಿಗೆಯ ಪಕ್ಕ ಕೂತು ಆರೈಕೆ ಮಾಡಿದರು, ಆ ವಾರಗಳಲ್ಲಿ 'ಯಂಗ್ ಇಂಡಿಯಾ'ವನ್ನೂ ನೋಡಿಕೊಂಡರು. ಮೂರು ವರ್ಷದ ಹಿಂದೆ ತಮ್ಮ ಆಕ್ಷೇಪಣೆ ಅಚ್ಚಾಗಿದ್ದ ಪತ್ರಿಕೆಯೇ ಅದು. ಅಕ್ಟೋಬರ್ 8ರಂದು ಉಪವಾಸ ಮುಗಿಯುವ ಹೊತ್ತಿಗೆ ಇಮಾಮ್ ಸಾಹೇಬರು ಕುರಾನ್ ಪಠಿಸಿದರು, ವಿನೋಬಾ ಉಪನಿಷತ್ತು ಹೇಳಿದರು, ಆಂಡ್ರ್ಯೂಸ್ ಶಿಲುಬೆಯ ಕುರಿತು ಐಸಾಕ್ ವಾಟ್ಸ್ ಬರೆದ ಕೀರ್ತನೆಯನ್ನು ಹಾಡಿದರು. ಗಾಂಧೀಜಿಗೆ ಬಹಳ ಪ್ರಿಯವಾಗಿದ್ದ ಹಾಡು ಅದು.

ಇಲ್ಲಿ ನನ್ನ ಸಹೋದ್ಯೋಗಿಯ ಪ್ರಶ್ನೆಗೆ ಬರಬೇಕು. ಆಂಡ್ರ್ಯೂಸ್ ತಮ್ಮ ಕ್ರಿಸ್ತನನ್ನು ಎಲ್ಲಿಯೂ ಮುಚ್ಚಿಡಲಿಲ್ಲ. ಗೆಳೆಯನ ಹಾಸಿಗೆಯ ಬಳಿ ಹಾಡಿದ್ದೂ ಅವನನ್ನೇ. ಆದರೆ ಅದನ್ನು ಬಲೆ ಮಾಡಿಕೊಳ್ಳಲಿಲ್ಲ. 1936ರಲ್ಲಿ ಮತಾಂತರದ ಬಗ್ಗೆ ಇಬ್ಬರ ನಡುವೆ ನಡೆದ ಮಾತುಕತೆ 'ಹರಿಜನ' ಪತ್ರಿಕೆಯಲ್ಲಿ ಬಂದಿದೆ. ಬಹಳ ಯೋಚಿಸಿ, ಪ್ರಾರ್ಥಿಸಿ, ಕ್ರೈಸ್ತನಾಗದೆ ನನಗೆ ಶಾಂತಿಯಿಲ್ಲ ಎಂದು ಒಬ್ಬ ಬಂದರೆ ಏನು ಹೇಳುತ್ತೀರಿ ಎಂದು ಆಂಡ್ರ್ಯೂಸ್ ಕೇಳಿದರು. ಅವನಿಗೆ ಒಳ್ಳೆಯ ಹಿಂದೂ ಆಗು ಎನ್ನಬೇಕು ಎಂದರು ಗಾಂಧೀಜಿ. ಈ ವಿಷಯದಲ್ಲಿ ನಿಮ್ಮ ಜೊತೆ ಪೂರ್ತಿ ದೂರ ಬರಲಾರೆ ಎಂದರು ಆಂಡ್ರ್ಯೂಸ್. ಕ್ರಿಸ್ತನ ಮೂಲಕವಲ್ಲದೆ ಮುಕ್ತಿಯೇ ಇಲ್ಲ ಎಂಬ ನಿಲುವನ್ನು ಅವರು ಬಹಳ ಹಿಂದೆಯೇ ಕೈಬಿಟ್ಟಿದ್ದರು. ಆದರೂ ಪ್ರಾಮಾಣಿಕವಾಗಿ ದಾರಿ ಬದಲಿಸಬಯಸುವವನನ್ನು ತಡೆಯುವುದು ಅವರಿಗೆ ಸರಿ ಕಾಣಲಿಲ್ಲ. ಇಪ್ಪತ್ತೆರಡು ವರ್ಷದ ಗೆಳೆತನದ ನಂತರವೂ ಅವರವರ ನಂಬಿಕೆ ಅವರವರ ಬಳಿ ಇತ್ತು. ಯಾರೂ ಯಾರನ್ನೂ ಗೆದ್ದಿರಲಿಲ್ಲ.

ಹಾಗಾದರೆ ಆ ಸ್ನೇಹಕ್ಕೆ ಉದ್ದೇಶ ಇರಲಿಲ್ಲವೇ? ಗೆಳೆಯ ಬದಲಾಗಬೇಕು ಎಂಬ ಷರತ್ತು ಇರಲಿಲ್ಲ ಎನ್ನುವುದು ಹೆಚ್ಚು ಸರಿ. ತಾನು ಬದಲಾಗಲು ಸಿದ್ಧನಿದ್ದ, ತನ್ನ ಜಾಗ ಬಿಟ್ಟುಕೊಡಲು ಸಿದ್ಧನಿದ್ದ. ನನಗೆ ತಿಳಿದಮಟ್ಟಿಗೆ ಸುವಾರ್ತೆಯಲ್ಲಿ ಸ್ನೇಹಿತನಿಗಾಗಿ ಪ್ರಾಣ ಕೊಡುವ ಮಾತಿನ ಅರ್ಥ ಇಲ್ಲಿಂದ ಶುರುವಾಗುತ್ತದೆ. ಪ್ರಾಣ ಕೊಡುವ ಸಂದರ್ಭ ಎಲ್ಲರಿಗೂ ಬರುವುದಿಲ್ಲ. ಕುರ್ಚಿ ಬಿಡುವ ಸಂದರ್ಭ ಬರುತ್ತದೆ.

1940ರ ಏಪ್ರಿಲ್ 5ರಂದು ಆಂಡ್ರ್ಯೂಸ್ ಕಲ್ಕತ್ತೆಯಲ್ಲಿ ತೀರಿಕೊಂಡರು, ಅಲ್ಲಿಯೇ ಅವರ ಸಮಾಧಿ ಇದೆ. ಕಾಯಿಲೆಯಲ್ಲಿದ್ದಾಗ ಗಾಂಧೀಜಿ ಆಸ್ಪತ್ರೆಗೆ ಹೋಗಿ ಕಂಡಿದ್ದರು. ಅವರ ನೆನಪಿಗೆ ಶಾಂತಿನಿಕೇತನಕ್ಕಾಗಿ 5 ಲಕ್ಷ ರೂಪಾಯಿ ಕೂಡಿಸಬೇಕೆಂದು ಮನವಿ ಹೊರಟಿತು. ಹಣ ಬೇಗ ಕೂಡಲಿಲ್ಲ. 1942ರ ಮೇ ತಿಂಗಳಲ್ಲಿ ಗಾಂಧೀಜಿ ತಾವೇ ಮುಂಬಯಿಗೆ ಬಂದು, ಕೈಯೊಡ್ಡಿ ಅದನ್ನು ಕೂಡಿಸಿದರು. ಇಂಗ್ಲಿಷರೇ, ದೇಶ ಬಿಟ್ಟು ತೊಲಗಿ ಎಂಬ ಮಾತು ಅವರ ಮನಸ್ಸಿನಲ್ಲಿ ಗಟ್ಟಿಯಾಗುತ್ತಿದ್ದ ದಿನಗಳು ಅವು. ಮೂರು ತಿಂಗಳಲ್ಲಿ ಅದೇ ಮುಂಬಯಿಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಆ ಮಾತನ್ನು ಹೇಳಿದರು. ಅದಕ್ಕೆ ಮೊದಲು ಅದೇ ಊರಿನಲ್ಲಿ ಒಬ್ಬ ಇಂಗ್ಲಿಷನ ಹೆಸರಿನಲ್ಲಿ ಜೋಳಿಗೆ ಹಿಡಿದು ನಿಂತಿದ್ದರು.