ನೆನಪಿಸುವ ಕೆಲಸ: ಗಳಿಗೆ ಬಟ್ಟಲಿನಿಂದ ಬಾಟ್‌ವರೆಗೆ

ನಡುರಾತ್ರಿ ಒಂದೂವರೆ ಗಂಟೆಗೆ ಊರಿನಲ್ಲಿದ್ದ ಅಜ್ಜಿಯ ಫೋನು ಟಿಂಗ್ ಎಂದಿತು. ‘ಅಜ್ಜಿ, ಬಿ.ಪಿ. ಮಾತ್ರೆ ತಗೋ’ ಎಂಬ ಸಂದೇಶ. ಎಂಟು ಗಂಟೆಗೇ ಊಟ ಮುಗಿಸಿ, ಮಾತ್ರೆ ನುಂಗಿ ಮಲಗಿದ್ದ ಅಜ್ಜಿ, ಮೊಮ್ಮಗಳು ಈ ಹೊತ್ತಿನಲ್ಲಿ ಹೇಳುತ್ತಿದ್ದಾಳೆಂದರೆ ಏನೋ ಕಾರಣವಿರಬೇಕು ಎಂದುಕೊಂಡು ಎದ್ದು ಇನ್ನೊಂದು ಮಾತ್ರೆ ನುಂಗಿದಳು. ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ತಲೆ ಸುತ್ತಿ ಗೋಡೆ ಹಿಡಿದು ಕುಳಿತಳು. ಪುಣ್ಯಕ್ಕೆ ಬೀಳಲಿಲ್ಲ.

ಸಂದೇಶ ಕಳಿಸಿದವಳು ನಾನಲ್ಲ. ನಾನು ಬರೆದ ಪುಟ್ಟ ತಂತ್ರಾಂಶ. ಮಾತುಕತೆಯ ಕಿಟಕಿಯಲ್ಲಿ ಮನುಷ್ಯರಂತೆ ಕುಳಿತು ಸಂದೇಶ ಕಳಿಸುವ, ಬಂದದ್ದಕ್ಕೆ ಉತ್ತರಿಸುವ ಇಂಥ ತಂತ್ರಾಂಶಕ್ಕೆ ‘ಚಾಟ್ ಬಾಟ್’ ಎಂದು ಹೆಸರು. ರಾತ್ರಿ ಎಂಟಕ್ಕೆ ಕಳಿಸು ಎಂದು ನಾನು ಬರೆದಿದ್ದೆ. ಅದು ಎಂಟಕ್ಕೇ ಕಳಿಸಿತು. ಆದರೆ ಅದು ಕೂತಿದ್ದ ಗಣಕಯಂತ್ರದ ಗಡಿಯಾರ ಭಾರತದ್ದಾಗಿರಲಿಲ್ಲ, ಜಾಗತಿಕ ಸಮಯದ್ದಾಗಿತ್ತು. ಅಲ್ಲಿ ರಾತ್ರಿ ಎಂಟಾದಾಗ ಇಲ್ಲಿ ಒಂದೂವರೆ. ನಡುವಿನ ಐದೂವರೆ ಗಂಟೆಯನ್ನು ನಾನು ಮರೆತಿದ್ದೆ. ನೆನಪಿಸುವ ಯಂತ್ರ ಮಾಡಹೊರಟವಳೇ ಮರೆತಳು ಎಂಬುದು ನಗುವ ಸಂಗತಿಯೇ. ಆದರೆ ಅಂದು ಬೆಳಿಗ್ಗೆ ನನಗೆ ನಗು ಬರಲಿಲ್ಲ.

ಹೊತ್ತಿಗೆ ಸರಿಯಾಗಿ ಇನ್ನೊಬ್ಬರಿಗೆ ನೆನಪಿಸುವ ಕೆಲಸ ಬಹಳ ಹಳೆಯದು. ಯಂತ್ರಗಳು ಅದನ್ನು ವಹಿಸಿಕೊಂಡದ್ದು ಈಚೆಗೆ. ಈ ಕೈಬದಲಾವಣೆಯಲ್ಲಿ ಏನು ಸಿಕ್ಕಿತು, ಏನು ಕೈಬಿಟ್ಟಿತು ಎಂದು ನೋಡುವುದು ಸ್ವಾರಸ್ಯಕರ.

ಬಟ್ಟಲು ಮುಳುಗಿದಾಗ

ನಮ್ಮ ಹಿರಿಯರ ಗಡಿಯಾರ ಒಂದು ತಾಮ್ರದ ಬಟ್ಟಲು. ತಳದಲ್ಲಿ ಸಣ್ಣ ತೂತು. ನೀರು ತುಂಬಿದ ಪಾತ್ರೆಯಲ್ಲಿ ಅದನ್ನು ತೇಲಿಬಿಟ್ಟರೆ ನಿಧಾನವಾಗಿ ನೀರು ತುಂಬಿಕೊಂಡು 24 ನಿಮಿಷಕ್ಕೆ ಮುಳುಗುತ್ತದೆ. ಅದೇ ಒಂದು ಗಳಿಗೆ. ಹಗಲು ರಾತ್ರಿ ಸೇರಿ ಅಂಥ 60 ಗಳಿಗೆಗಳು. ‘ಸೂರ್ಯಸಿದ್ಧಾಂತ’ದಲ್ಲಿ ಈ ಬಟ್ಟಲಿನ ವಿವರಣೆ ಇದೆ. ‘ಗಳಿಗೆ’ ಎಂಬ ಮಾತಿನ ಹಿಂದಿರುವುದು ಘಟ, ಅಂದರೆ ಕೊಡ. ಮದುವೆಯ ಮುಹೂರ್ತಕ್ಕೂ ಇದೇ ಗಳಿಗೆ ಬಟ್ಟಲು ಆಧಾರವಾಗಿತ್ತು.

ಬಟ್ಟಲು ತಾನಾಗಿ ಕೂಗುವುದಿಲ್ಲ. ಪಕ್ಕದಲ್ಲಿ ಒಬ್ಬ ಎಚ್ಚರವಾಗಿ ಕುಳಿತು, ಅದು ಮುಳುಗಿದೊಡನೆ ಕಂಚಿನ ತಟ್ಟೆ ಬಾರಿಸಬೇಕು. ಹದಿನಾರನೆಯ ಶತಮಾನದಲ್ಲಿ ಉತ್ತರ ಭಾರತಕ್ಕೆ ಬಂದ ಬಾಬರ್ ಈ ವ್ಯವಸ್ಥೆಯನ್ನು ಕಂಡು ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ಅವನಿಗೊಂದು ಕೊರತೆ ಕಂಡಿತು. ರಾತ್ರಿ ನಡುವೆ ಎಚ್ಚರವಾದವನಿಗೆ ಎಷ್ಟನೆಯ ಗಳಿಗೆ ಎಂಬುದು ಕೇಳುತ್ತಿತ್ತು, ಯಾವ ಜಾವದ್ದು ಎಂಬುದು ತಿಳಿಯುತ್ತಿರಲಿಲ್ಲ. ಗಳಿಗೆಯ ಏಟುಗಳಾದ ಮೇಲೆ ಸ್ವಲ್ಪ ತಡೆದು ಜಾವದ ಏಟುಗಳನ್ನೂ ಬಾರಿಸಬೇಕೆಂದು ಅವನು ಆಜ್ಞೆ ಮಾಡಿದ. ನಿದ್ದೆಗಣ್ಣಿನಲ್ಲಿ ಕೇಳಿಸಿಕೊಳ್ಳುವವನಿಗೆ ಅರ್ಥವಾಗುವಂತೆ ಹೇಳಬೇಕು ಎಂಬ ಈ ತಿಳಿವಳಿಕೆ ನನಗೆ ಮೊದಲೇ ಇದ್ದಿದ್ದರೆ ಅಜ್ಜಿಯ ಸಂದೇಶದಲ್ಲಿ ‘ರಾತ್ರಿ ಎಂಟರ ಮಾತ್ರೆ’ ಎಂದು ಸೇರಿಸುತ್ತಿದ್ದೆ.

ಕಿಟಕಿ ತಟ್ಟುವ ಕೋಲು

ಇಂಗ್ಲೆಂಡಿನಲ್ಲಿ ಕೈಗಾರಿಕಾ ಕ್ರಾಂತಿಯಾಗಿ ಗಿರಣಿಗಳು ಎದ್ದ ಮೇಲೆ ಲಕ್ಷಾಂತರ ಜನ ನಸುಕಿನಲ್ಲೇ ಏಳಬೇಕಾಯಿತು. ತಡವಾದರೆ ಕೂಲಿಗೆ ಕತ್ತರಿ. ಅಲಾರಂ ಗಡಿಯಾರ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಆಗ ಹುಟ್ಟಿಕೊಂಡ ಕಸುಬು ‘ನಾಕರ್ ಅಪ್’. ವಾರಕ್ಕೆ ಕೆಲವು ಪೆನ್ನಿ ಕೊಟ್ಟರೆ ಉದ್ದನೆಯ ಕೋಲು ಹಿಡಿದು ಬಂದು ಮಹಡಿಯ ಕಿಟಕಿ ತಟ್ಟಿ ಎಬ್ಬಿಸುವವರು ಇವರು. ಊದುಗೊಳವೆಯಿಂದ ಒಣಬಟಾಣಿ ಊದಿ ಕಿಟಕಿಗೆ ಹೊಡೆಯುವವರೂ ಇದ್ದರು. ಗಣಿ ಕಾರ್ಮಿಕರ ಕೆಲವು ಊರುಗಳಲ್ಲಿ ಮನೆಯ ಹೊರಗೋಡೆಗೆ ಸ್ಲೇಟು ಕೂರಿಸಿ, ತಾನು ಏಳಬೇಕಾದ ಹೊತ್ತನ್ನು ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲೂ ಬಹುಕಾಲ ಉಳಿದಿದ್ದ ಕಸುಬು ಇದು.

ಇವರ ಕೆಲಸದಲ್ಲಿ ಒಂದು ನಿಯಮವಿತ್ತು. ಒಳಗಿನವರು ಎದ್ದದ್ದು ಖಾತ್ರಿಯಾಗುವವರೆಗೆ ಕಿಟಕಿ ಬಿಟ್ಟು ಹೋಗುವಂತಿಲ್ಲ. ತಟ್ಟಿದ್ದಕ್ಕಲ್ಲ, ಎಬ್ಬಿಸಿದ್ದಕ್ಕೆ ಅವರಿಗೆ ಕಾಸು. ಈ ನಿಯಮವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನಿಮಿಷಕ್ಕೊಮ್ಮೆ ಕಣ್ಣು ಬಿಡುವ ಕಾವಲುಗಾರ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಆರಂಭವಾದ ಯುನಿಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ಏಳನೆಯ ಆವೃತ್ತಿ 1979ರಲ್ಲಿ ಹೊರಬಂತು. ಅದರಲ್ಲಿ ‘ಕ್ರಾನ್’ ಎಂಬ ತಂತ್ರಾಂಶವಿತ್ತು. ಕಾಲ ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರು. ಅದು ಸದಾ ಹಿನ್ನೆಲೆಯಲ್ಲಿ ಮಲಗಿರುತ್ತದೆ. ನಿಮಿಷಕ್ಕೊಮ್ಮೆ ಎದ್ದು ಪಟ್ಟಿ ನೋಡುತ್ತದೆ. ಆ ನಿಮಿಷಕ್ಕೆಂದು ಬರೆದಿಟ್ಟ ಕೆಲಸವಿದ್ದರೆ ಮಾಡಿಸಿ ಮತ್ತೆ ಮಲಗುತ್ತದೆ. ಪಟ್ಟಿಯ ಪ್ರತಿ ಸಾಲಿನಲ್ಲಿ ಐದು ಮನೆಗಳು: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ‘ಯಾವುದಾದರೂ ಸರಿ’ ಎನ್ನುವುದಕ್ಕೆ ನಕ್ಷತ್ರ ಚಿಹ್ನೆ. ಸೊನ್ನೆ, ಇಪ್ಪತ್ತು, ಮೂರು ನಕ್ಷತ್ರ ಎಂದು ಬರೆದರೆ ಪ್ರತಿದಿನ ರಾತ್ರಿ ಎಂಟು ಗಂಟೆ ಎಂದರ್ಥ. ಪಾಲ್ ವಿಕ್ಸಿ 1987ರಲ್ಲಿ ಬರೆದ ಸುಧಾರಿತ ಕ್ರಾನ್ ಮುಂದೆ ವ್ಯಾಪಕವಾಗಿ ಹರಡಿತು. ಅಜ್ಜಿಯ ಬಾಟ್‌ಗೆ ನಾನು ಬಳಸಿದ್ದೂ ಈ ಐದು ಮನೆಗಳ ಸಾಲನ್ನೇ.

ಅದೇ ಏಳನೆಯ ಆವೃತ್ತಿಯಲ್ಲಿ ‘ಕ್ಯಾಲೆಂಡರ್’ ಎಂಬ ಇನ್ನೊಂದು ತಂತ್ರಾಂಶವಿತ್ತು. ಕಡತದಲ್ಲಿ ತಾರೀಕಿನ ಜೊತೆಗೆ ವಿಷಯ ಬರೆದಿಟ್ಟರೆ, ಇಂದಿನ ಮತ್ತು ನಾಳಿನ ಸಾಲುಗಳನ್ನು ಅದು ಹೆಕ್ಕಿ ತೋರಿಸುತ್ತಿತ್ತು. ವಾರಾಂತ್ಯ ಬಂದರೆ ‘ನಾಳೆ’ ಎಂಬುದನ್ನು ಸೋಮವಾರದವರೆಗೂ ಹಿಗ್ಗಿಸಿಕೊಳ್ಳುತ್ತಿತ್ತು! ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದವರು ತಮ್ಮ ಯುನಿಕ್ಸ್‌ಗೆ ‘ಲೀವ್’ ಎಂಬುದನ್ನು ಸೇರಿಸಿದರು. ಇಷ್ಟು ಹೊತ್ತಿಗೆ ಹೊರಡಬೇಕು ಎಂದು ಹೇಳಿದರೆ ಅದು ಐದು ನಿಮಿಷ ಮೊದಲು ಒಮ್ಮೆ, ಒಂದು ನಿಮಿಷ ಮೊದಲು ಒಮ್ಮೆ, ಹೊತ್ತಿಗೆ ಸರಿಯಾಗಿ ಒಮ್ಮೆ ಎಚ್ಚರಿಸುತ್ತಿತ್ತು. ಎದ್ದು ಹೋಗದಿದ್ದರೆ ನಿಮಿಷಕ್ಕೊಮ್ಮೆ ಪೀಡಿಸುತ್ತಿತ್ತು. ಕಿಟಕಿ ತಟ್ಟುವವರ ಗುಣ ಇದರಲ್ಲಿ ಸ್ವಲ್ಪ ಉಳಿದಿತ್ತು ಎನ್ನಬೇಕು.

ಮಾತನಾಡುವ ಯಂತ್ರ

ಮಾತುಕತೆಯ ತಂತ್ರಾಂಶದ ವಂಶಾವಳಿ ಬೇರೆ. ಎಂ.ಐ.ಟಿ.ಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ‘ಎಲೈಜಾ’ ತಂತ್ರಾಂಶದ ವಿವರ ಪ್ರಕಟಿಸಿದರು. ಮನೋವೈದ್ಯರಂತೆ, ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವ ಯಂತ್ರ ಅದು. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಆದರೂ ಜನ ಅದರೊಡನೆ ಮನಬಿಚ್ಚಿ ಮಾತನಾಡಿದ್ದನ್ನು ಕಂಡು ಸ್ವತಃ ವೈಜೆನ್‌ಬಾಮ್ ಕಳವಳಗೊಂಡರು. 1976ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಆದರೆ ಎಲೈಜಾ ನಾವು ಮಾತಾಡಿಸಿದರೆ ಮಾತಾಡುತ್ತಿತ್ತು ಅಷ್ಟೇ. ಹೊತ್ತು ನೋಡಿ ತಾನಾಗಿ ಬಂದು ಮಾತಾಡಿಸುವ ಪದ್ಧತಿ ಅದಕ್ಕಿರಲಿಲ್ಲ.

ಗಡಿಯಾರ ಮತ್ತು ಮಾತು ಒಂದೇ ಚಾವಡಿಯಲ್ಲಿ ಕೂಡಿಕೊಂಡದ್ದು ಐ.ಆರ್.ಸಿ. ಎಂಬ ಹರಟೆ ಜಾಲದಲ್ಲಿ. 1988ರ ಆಗಸ್ಟ್‌ನಲ್ಲಿ ಫಿನ್ಲೆಂಡಿನ ಔಲು ನಗರದಲ್ಲಿ ಯಾರ್ಕೊ ಓಯ್ಕರಿನೆನ್ ಇದನ್ನು ಆರಂಭಿಸಿದರು. ಹರಟೆಯ ಕೋಣೆಗಳನ್ನು ಹಗಲೂ ರಾತ್ರಿ ಕಾಯಲು ಜನರಿಂದ ಸಾಧ್ಯವಿರಲಿಲ್ಲವಾದ್ದರಿಂದ ಬಾಟ್‌ಗಳು ಬಂದವು. 1993ರಲ್ಲಿ ರೋಬಿ ಪಾಯಿಂಟರ್ ಬರೆದ ‘ಎಗ್‌ಡ್ರಾಪ್’ ಅವುಗಳಲ್ಲಿ ಹೆಸರುವಾಸಿ. ಇಂಥ ಹೊತ್ತಿಗೆ ಈ ಕೆಲಸ ಮಾಡು ಎಂದು ಅದಕ್ಕೆ ಹೇಳಿಕೊಡಬಹುದಿತ್ತು. ಇಲ್ಲದವರಿಗೆಂದು ಬಿಟ್ಟುಹೋದ ಚೀಟಿಯನ್ನು ಅವರು ಬಂದಾಗ ತಲುಪಿಸುತ್ತಿತ್ತು. 2015ರ ಜೂನ್‌ನಲ್ಲಿ ಟೆಲಿಗ್ರಾಂ ತನ್ನ ಬಾಟ್ ವ್ಯವಸ್ಥೆಯನ್ನು ಸಾರ್ವಜನಿಕರಿಗೆ ತೆರೆದ ಮೇಲೆ ಇದು ನನ್ನಂಥ ಅರೆಬರೆ ಕಲಿತವರ ಕೈಗೂ ಬಂತು.

ಟೆಲಿಗ್ರಾಂನಲ್ಲಿ ಒಂದು ಒಳ್ಳೆಯ ಕಟ್ಟುಪಾಡಿದೆ. ಬಾಟ್ ತಾನೇ ಮೊದಲು ಯಾರ ಮನೆಗೂ ನುಗ್ಗುವಂತಿಲ್ಲ. ಅವರು ಒಮ್ಮೆ ‘ಸ್ಟಾರ್ಟ್’ ಒತ್ತಿ ಒಳಗೆ ಕರೆದರೆ ಮಾತ್ರ ಮುಂದೆ ಸಂದೇಶ ಕಳಿಸಬಹುದು. ಅಜ್ಜಿಯ ಬೆರಳು ಹಿಡಿದು ಒತ್ತಿಸಿದವಳು ನಾನೇ.

ಬಾಟ್ ಬರೆಯುವವರು ಎಡವುವ ಜಾಗಗಳು ಕೆಲವೇ. ‘ಇಷ್ಟು ಸೆಕೆಂಡು ಮಲಗು, ಎದ್ದು ಸಂದೇಶ ಕಳಿಸು’ ಎಂದು ಬರೆಯುವುದು ಸುಲಭ. ಆದರೆ ನಡುವೆ ಗಣಕಯಂತ್ರ ಒಮ್ಮೆ ಆರಿ ಹೊತ್ತಿದರೆ ಆ ಎಣಿಕೆ ಅಳಿಸಿಹೋಗುತ್ತದೆ. ಆದ್ದರಿಂದ ಪಟ್ಟಿಯನ್ನು ಕಡತದಲ್ಲಿ ಬರೆದಿಟ್ಟು ನಿಮಿಷಕ್ಕೊಮ್ಮೆ ನೋಡುವ ಹಳೆಯ ಕ್ರಾನ್ ದಾರಿಯೇ ವಾಸಿ. ಕಳಿಸಿದ್ದಾಯಿತು ಎಂಬುದನ್ನೂ ಗುರುತು ಹಾಕದಿದ್ದರೆ ಒಂದೇ ಸಂದೇಶ ಎರಡು ಸಲ ಹೋಗಿಬಿಡಬಹುದು. ಮೂರನೆಯದು, ಯಾರ ಹೊತ್ತು ಎಂಬ ಪ್ರಶ್ನೆ. ಭಾರತಕ್ಕೆ ಐದೂವರೆ ಗಂಟೆ ಮುಂದಿರುವ ಏಕರೂಪ ಸಮಯ ನಿಗದಿಯಾದದ್ದು 1906ರ ಜನವರಿ 1ರಿಂದ. ಆದರೂ ಕಲ್ಕತ್ತ 1948ರವರೆಗೆ, ಬೊಂಬಾಯಿ 1955ರವರೆಗೆ ತಮ್ಮ ತಮ್ಮ ಸಮಯವನ್ನು ಬಿಟ್ಟುಕೊಡಲಿಲ್ಲ. ಗಡಿಯಾರದ ಮುಳ್ಳಿನ ಹಿಂದೆ ಊರಿರುತ್ತದೆ ಎಂಬುದು ಆಗಿನವರಿಗೆ ಗೊತ್ತಿತ್ತು. ಗಣಕಯಂತ್ರಕ್ಕೆ ನಾವೇ ಹೇಳಬೇಕು.

ಹೇಳುವುದೋ, ಕೇಳುವುದೋ?

ಗಡಿಯಾರ ಸರಿಪಡಿಸಿದೆ. ಆದರೆ ಇದರಿಂದ ಉಪಯೋಗವಾದರೂ ಇದೆಯೇ ಎಂಬ ಪ್ರಶ್ನೆ ಉಳಿಯಿತು. ವೈದ್ಯಕೀಯ ಲೋಕ ಇದನ್ನು ಪರೀಕ್ಷಿಸಿ ನೋಡಿದೆ. ಎಚ್.ಐ.ವಿ. ಸೋಂಕಿತರು ಒಂದು ದಿನವೂ ತಪ್ಪದೆ ಮಾತ್ರೆ ತೆಗೆದುಕೊಳ್ಳಬೇಕು; ತಪ್ಪಿದರೆ ಔಷಧಿಯೇ ನಾಟದಂತಾಗುವ ಅಪಾಯ. ಕೀನ್ಯದಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 538 ಜನರಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೊಮ್ಮೆ ಸ್ವಾಹಿಲಿ ಭಾಷೆಯಲ್ಲಿ ಒಂದೇ ಪದದ ಸಂದೇಶ: ‘ಮಾಂಬೊ?’ ಹೇಗಿದ್ದೀರಿ ಎಂದು ಅರ್ಥ. ಮಾತ್ರೆಯ ಮಾತೇ ಇಲ್ಲ. 48 ಗಂಟೆಯೊಳಗೆ ಚೆನ್ನಾಗಿದ್ದೇನೆ ಅಥವಾ ತೊಂದರೆಯಿದೆ ಎಂದು ಉತ್ತರಿಸಬೇಕು. ತೊಂದರೆ ಎಂದರೂ, ಉತ್ತರವೇ ಬಾರದಿದ್ದರೂ ಆರೋಗ್ಯ ಕಾರ್ಯಕರ್ತರು ಫೋನ್ ಮಾಡುತ್ತಿದ್ದರು. ಈ ಗುಂಪಿನಲ್ಲಿ ಶೇ 62 ಮಂದಿ ಔಷಧಿಯನ್ನು ಸರಿಯಾಗಿ ಪಾಲಿಸಿದರೆ, ಸಂದೇಶವಿಲ್ಲದ ಗುಂಪಿನಲ್ಲಿ ಶೇ 50.

ದಕ್ಷಿಣ ಭಾರತದ ಮೂರು ಚಿಕಿತ್ಸಾ ಕೇಂದ್ರಗಳಲ್ಲಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಸೇರಿ ನಡೆಸಿದ ಪ್ರಯೋಗ 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಇಲ್ಲಿ 631 ಮಂದಿ. ವಾರಕ್ಕೊಮ್ಮೆ ಅವರವರ ಭಾಷೆಯಲ್ಲಿ ಯಂತ್ರದ ಕರೆ, ಜೊತೆಗೊಂದು ಚಿತ್ರಸಂದೇಶ. ಸುಮಾರು ಎರಡು ವರ್ಷ ನೋಡಿದರೂ ಚಿಕಿತ್ಸೆಯ ಫಲದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎರಡು ದೇಶಗಳ ಪರಿಸ್ಥಿತಿ, ಅಳತೆ ಬೇರೆ ಬೇರೆಯಾದ್ದರಿಂದ ನೇರ ಹೋಲಿಕೆ ಸಲ್ಲದು. ಇನ್ನೂ ಒಂದು ಅಚ್ಚರಿಯಿದೆ. 2011ರಲ್ಲಿ ಪ್ರಕಟವಾದ ಕೀನ್ಯದ ಮತ್ತೊಂದು ಅಧ್ಯಯನದಲ್ಲಿ ವಾರಕ್ಕೊಮ್ಮೆಯ ಸಂದೇಶ ಫಲ ಕೊಟ್ಟಿತು, ದಿನಾ ಕಳಿಸಿದ ಸಂದೇಶ ಕೊಡಲಿಲ್ಲ. ದಿನವೂ ಮೊಳಗುವ ಗಂಟೆಗೆ ಕಿವಿ ಒಗ್ಗಿಹೋಗುತ್ತದೆ ಎಂದೇ ನನಗೆ ತೋರುತ್ತದೆ.

ಕ್ಷಯರೋಗಿಗಳಿಗಾಗಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ‘99 ಡಾಟ್ಸ್’ ವ್ಯವಸ್ಥೆ ಬೇರೊಂದು ಉಪಾಯ ಹೂಡಿತು. ಮಾತ್ರೆ ಬಿಡಿಸಿದಾಗ ಅದರ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ರೋಗಿ ಅದಕ್ಕೊಂದು ಪುಕ್ಕಟೆ ಕರೆ ಮಾಡಬೇಕು. ಕರೆ ಬಾರದಿದ್ದರೆ ನೆನಪಿನ ಸಂದೇಶ, ಆಮೇಲೆ ಆರೋಗ್ಯ ಕಾರ್ಯಕರ್ತರ ವಿಚಾರಣೆ. ಆದರೆ ಮೂತ್ರ ಪರೀಕ್ಷೆಯೊಂದಿಗೆ ತಾಳೆ ನೋಡಿದಾಗ, ಮಾತ್ರೆ ನುಂಗಿಯೂ ಕರೆ ಮಾಡದವರು, ಕರೆ ಮಾಡಿಯೂ ನುಂಗದವರು ಇಬ್ಬರೂ ಸಿಕ್ಕರು. ಕಿಟಕಿಯಿಂದ ಕೈಬೀಸಿ ಮತ್ತೆ ಮಲಗುವವರು ಎಲ್ಲ ಕಾಲದಲ್ಲೂ ಇದ್ದಾರೆ.

ಇಷ್ಟನ್ನೆಲ್ಲ ನೋಡಿದರೆ ನೆನಪಿಸುವ ಕೆಲಸಕ್ಕೆ ಮೂರು ಅಂಗಗಳಿವೆ ಎನಿಸುತ್ತದೆ: ಹೊತ್ತು ತಿಳಿಯುವ ಗಡಿಯಾರ, ಏನು ಎಂದು ತಿಳಿಸುವ ಪಟ್ಟಿ, ಎದ್ದರೋ ಇಲ್ಲವೋ ಎಂದು ನೋಡುವ ಒಬ್ಬರು. ಮೊದಲೆರಡನ್ನು ಯಂತ್ರಗಳು ನಮಗಿಂತ ಚೆನ್ನಾಗಿ ಮಾಡುತ್ತವೆ. ಮೂರನೆಯದನ್ನು ಯಂತ್ರಕ್ಕೆ ಬಿಟ್ಟು ನಾವು ಮಲಗಿದರೆ ಗಂಟೆ ಬಾರಿಸಿದ್ದು ವ್ಯರ್ಥ.

ಬಾಟನ್ನು ನಾನು ಈಗ ಬದಲಿಸಿದ್ದೇನೆ. ‘ರಾತ್ರಿ ಎಂಟರ ಮಾತ್ರೆ ಆಯ್ತಾ ಅಜ್ಜಿ?’ ಎಂದು ಕೇಳುತ್ತದೆ. ಹೂಂ ಎಂಬ ಗುಂಡಿ ಒತ್ತಿದರೆ ಸರಿ. ಅರ್ಧ ಗಂಟೆಯಾದರೂ ಉತ್ತರವಿಲ್ಲದಿದ್ದರೆ ಅಜ್ಜಿಗೆ ಎರಡನೆಯ ಸಂದೇಶ ಹೋಗುವುದಿಲ್ಲ, ನನಗೆ ಬರುತ್ತದೆ. ನಾನು ಫೋನ್ ಮಾಡುತ್ತೇನೆ. ಈವರೆಗೆ ನಾಲ್ಕು ರಾತ್ರಿ ಹಾಗಾಗಿದೆ. ಮೂರು ಸಲ ಫೋನಿನ ಚಾರ್ಜ್ ಮುಗಿದು ಅದು ಮೂಲೆ ಸೇರಿತ್ತು. ಪಕ್ಕದ ಮನೆಯವರು ಹೋಗಿ ಹೇಳಿದರು. ನಾಲ್ಕನೆಯ ಸಲ ಅಜ್ಜಿಯೇ ಎತ್ತಿದಳು. ದನಿ ಕ್ಷೀಣವಾಗಿತ್ತು.

‘ಮಧ್ಯಾಹ್ನದಿಂದ ಮೈ ಬಿಸಿ ಕಣೇ. ಊಟ ಸೇರಲಿಲ್ಲ. ಖಾಲಿ ಹೊಟ್ಟೇಲಿ ಮಾತ್ರೆ ತಗೋಬಹುದಾ ಅಂತ ಅದನ್ನ ಕೇಳಿದೆ. ಅದು ಮತ್ತೆ ಆಯ್ತಾ ಅಂತಲೇ ಕೇಳ್ತು.’

ಮಾರನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ನಾನು ಊರಿಗೆ ಹೊರಟೆ.