ಉಲುರು: ಹತ್ತುವ ದಾರಿ, ಸುತ್ತುವ ದಾರಿ

ಆಸ್ಟ್ರೇಲಿಯಾದ ನಡುಭಾಗದ ಕೆಂಪು ಮರುಭೂಮಿಯಲ್ಲಿ 348 ಮೀಟರ್ ಎತ್ತರಕ್ಕೆ ನಿಂತಿರುವ ಉಲುರು ಬಂಡೆಯನ್ನು ನೋಡಲು ಹೋದವರಿಗೆ ಬಹುಕಾಲ ಎರಡು ದಾರಿಗಳಿದ್ದವು. ಒಂದು ನೆತ್ತಿಗೆ, ಇನ್ನೊಂದು ಬುಡದ ಸುತ್ತ. ಯಾವ ದಾರಿ ಉಳಿಯಬೇಕು ಎಂಬ ವಾದದ ಒಳಗೆ, ಆ ನೆಲದಲ್ಲಿ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಯಿತ್ತು.

1873ರಲ್ಲಿ ಸರ್ವೇಯರ್ ವಿಲಿಯಂ ಗಾಸ್, ಒಂಟೆ ನಡೆಸುತ್ತಿದ್ದ ಅಫ್ಘನ್ ಕಮ್ರಾನ್ ಜೊತೆ ಬಂಡೆ ಹತ್ತಿದ. ರಾಜಕಾರಣಿ ಹೆನ್ರಿ ಏಯರ್ಸ್‌ನ ಹೆಸರನ್ನು ಅದಕ್ಕಿಟ್ಟ. ಸಾವಿರಾರು ವರ್ಷಗಳಿಂದ ಅಲ್ಲಿ ಬಾಳಿದ್ದ ಅನಂಗು ಜನರ ಬಾಯಲ್ಲಿ ಅದು ಆಗಲೂ ಉಲುರುವೇ. 1960ರ ದಶಕದಲ್ಲಿ ಪ್ರವಾಸಿಗರ ಆಸರೆಗೆ ಸರಪಳಿ ಬಿಗಿದರು. ಜಾರಿ ಬಿದ್ದೋ, ಹೃದಯಾಘಾತದಿಂದಲೋ ಕಾಲಕ್ರಮೇಣ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು.

ಅನಂಗು ಜನರಿಗೆ ಆ ಏರುದಾರಿ ಮಾಲಾ ಪೂರ್ವಜರು ಉಲುರುವಿಗೆ ಬಂದಾಗ ನಡೆದ ದಾರಿ. ತಮ್ಮ ನೆಲಕ್ಕೆ ಬಂದ ಅತಿಥಿ ಸತ್ತರೆ ಆ ದುಃಖದ ಹೊಣೆಯೂ ತಮ್ಮದೇ ಎಂದು ಅವರು ಭಾವಿಸುತ್ತಾರೆ. ಹತ್ತಬೇಡಿ ಎಂದು ಅವರು ಕೇಳಿಕೊಂಡದ್ದಕ್ಕೆ ಈ ಎರಡೂ ಕಾರಣ.

1985ರ ಅಕ್ಟೋಬರ್ 26ರಂದು ಸರ್ಕಾರ ಭೂಮಿಯ ಒಡೆತನವನ್ನು ಅನಂಗು ಜನರಿಗೆ ಮರಳಿಸಿತು. ಆದರೆ ರಾಷ್ಟ್ರೀಯ ಉದ್ಯಾನಕ್ಕಾಗಿ ಅದನ್ನು 99 ವರ್ಷಗಳ ಗುತ್ತಿಗೆಗೆ ವಾಪಸು ಕೊಡಬೇಕಾಯಿತು, ಹತ್ತುವುದೂ ನಿಲ್ಲಲಿಲ್ಲ. ಪತ್ರ ಕೈಗೆ ಬಂದರೂ ಮನೆಯ ಮೇಲೆ ಹತ್ತುವವರನ್ನು ತಡೆಯುವ ಅಧಿಕಾರ ಬರಲಿಲ್ಲ.

ಅನಂಗು ಸದಸ್ಯರೇ ಬಹುಮತದಲ್ಲಿರುವ ಉದ್ಯಾನದ ಆಡಳಿತ ಮಂಡಳಿ 2017ರಲ್ಲಿ ಒಮ್ಮತದಿಂದ ಏರುದಾರಿ ಮುಚ್ಚಲು ತೀರ್ಮಾನಿಸಿತು. 2019ರ ಅಕ್ಟೋಬರ್ 26, ಹಸ್ತಾಂತರದ ವಾರ್ಷಿಕ ದಿನವೇ, ನಿಷೇಧ ಜಾರಿಗೆ ಬಂತು. ಅದಕ್ಕೂ ಮುಂಚಿನ ದಿನಗಳಲ್ಲಿ ಕೊನೆಯ ಅವಕಾಶವೆಂದು ಜನ ಸಾಲುಗಟ್ಟಿ ಹತ್ತಿದರು. ಆಮೇಲೆ ಸರಪಳಿಯನ್ನೂ ಕಿತ್ತರು.

ಈಗ ಉಳಿದಿರುವುದು ಬುಡವನ್ನು ಬಳಸುವ ಸುಮಾರು 10 ಕಿಲೋಮೀಟರ್ ದಾರಿ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ನಡಿಗೆ ಮುಗಿಸಬೇಕು. ನಡೆಯುವವರಿಗೆ ಮೂರು ನಾಲ್ಕು ಗಂಟೆಯ ಸುತ್ತು, ಓಡುವವರಿಗೆ ಇನ್ನೂ ಕಡಿಮೆ. ದೂರದಿಂದ ನುಣುಪಾಗಿ ಕಾಣುವ ಬಂಡೆಯಲ್ಲಿ ಹತ್ತಿರ ಹೋದಂತೆ ಗುಹೆಗಳು, ಹಳೆಯ ಚಿತ್ರಗಳು, ಮುತಿಜುಲು ಎಂಬ ನೀರಿನ ಹೊಂಡ ಎದುರಾಗುತ್ತವೆ. ಫೋಟೋ ತೆಗೆಯಬಾರದೆಂದು ಫಲಕ ಹಾಕಿರುವ ಜಾಗಗಳೂ ಇವೆ. ಅಲ್ಲಿನ ಕಥೆಗಳನ್ನು ಅಲ್ಲೇ ನಿಂತು, ಹೇಳುವ ಹಕ್ಕುಳ್ಳವರಿಂದಲೇ ಕೇಳಬೇಕು. ಕೆಲವನ್ನು ಹೊರಗಿನವರಿಗೆ ಹೇಳುವುದೇ ಇಲ್ಲ.